ಟಾರ್ಕ್ ರೆಂಚಿನ ಕ್ಯಾಲಿಬ್ರೇಷನ್: ಸರಿಪಡಿಸುವ ಮೊದಲಿನ ಅಳತೆ ಎಲ್ಲಿ?

ಮಾನ್ಯ ಸಂಪಾದಕರೇ,

ವಾಹನದ ಚಕ್ರದ ನಟ್‌ಗಳನ್ನು ಕೈಯಂದಾಜಿನಲ್ಲಿ ಬಿಗಿಯದೆ ಟಾರ್ಕ್ ರೆಂಚ್ (ಬೇಕಾದ ತಿರುಚುಬಲಕ್ಕೆ, ಅಂದರೆ ಟಾರ್ಕಿಗೆ, ಹೊಂದಿಸಿಟ್ಟರೆ ಅಷ್ಟು ಬಿಗಿಯಾದಾಗ ಕ್ಲಿಕ್ ಎಂದು ತಿಳಿಸುವ ಸಾಧನ) ಬಳಸಿಯೇ ಬಿಗಿಯಬೇಕೆಂದು ತಿಳಿಸುವ ಲೇಖನವೊಂದು ತಮ್ಮ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಸಲಹೆ ಸರಿಯಾದದ್ದೇ. ಆದರೆ ಆ ರೆಂಚ್ ಹೇಳುವ ಅಂಕಿ ನಿಜವೇ ಎಂಬುದನ್ನು ಯಾರು, ಯಾವಾಗ, ಹೇಗೆ ಪರೀಕ್ಷಿಸಬೇಕು ಎಂಬ ಮಾತು ಅದರಲ್ಲಿ ಬರಲಿಲ್ಲ. ದುರಸ್ತಿ ಕಾರ್ಯಾಗಾರವೊಂದರ ಟೂಲ್ ರೂಮಿನ ಹೊಣೆಯನ್ನು ಹಲವು ವರ್ಷ ಹೊತ್ತಿದ್ದ ನನಗೆ ಈ ಉಳಿದ ಅರ್ಧವೇ ಹೆಚ್ಚು ಮುಖ್ಯವೆನಿಸುವುದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಬೋಲ್ಟನ್ನು ತಿರುಗಿಸುವಾಗ ನಮಗೆ ನಿಜವಾಗಿ ಬೇಕಾಗಿರುವುದು ತಿರುಚುಬಲವಲ್ಲ, ಬೋಲ್ಟ್ ಸ್ವಲ್ಪ ಹಿಗ್ಗಿ ಎರಡು ಭಾಗಗಳನ್ನು ಒಂದಕ್ಕೊಂದು ಅಮುಕಿ ಹಿಡಿಯುವ ಸೆಳೆತ. ಅದನ್ನು ನೇರವಾಗಿ ಅಳೆಯುವುದು ಕಷ್ಟವಾದ್ದರಿಂದ ತಿರುಚುಬಲವನ್ನು ಅಳೆದು ಸೆಳೆತವನ್ನು ಊಹಿಸುತ್ತೇವೆ. ಲೆಕ್ಕ ಸರಳವಾಗಿದೆ: ತಿರುಚುಬಲವನ್ನು ಬೋಲ್ಟಿನ ವ್ಯಾಸದಿಂದಲೂ ಘರ್ಷಣೆಯನ್ನು ಸೂಚಿಸುವ ಒಂದು ಗುಣಾಂಕದಿಂದಲೂ ಭಾಗಿಸಬೇಕು. ಎಣ್ಣೆ ಹಚ್ಚದ ಸಾಮಾನ್ಯ ಉಕ್ಕಿನ ಬೋಲ್ಟಿಗೆ ಆ ಗುಣಾಂಕವನ್ನು ಸುಮಾರು 0.2 ಎಂದು ಹಿಡಿಯುವ ರೂಢಿಯಿದೆ. 10 ಮಿ.ಮೀ. ವ್ಯಾಸದ ಬೋಲ್ಟಿಗೆ 50 ನ್ಯೂಟನ್ ಮೀಟರ್ ತಿರುಚುಬಲ ಕೊಟ್ಟರೆ ಸೆಳೆತ ಸುಮಾರು 25,000 ನ್ಯೂಟನ್, ಅಂದರೆ ಎರಡೂವರೆ ಟನ್ ತೂಕವನ್ನು ತೂಗುಹಾಕಿದಷ್ಟು. ಅದೇ ಥ್ರೆಡ್ಡಿಗೆ ಎಣ್ಣೆ ಹಚ್ಚಿ ಗುಣಾಂಕ 0.15ಕ್ಕೆ ಇಳಿದರೆ ಸೆಳೆತ 33,000 ನ್ಯೂಟನ್ ದಾಟುತ್ತದೆ. ಕೊಟ್ಟ ತಿರುಚುಬಲದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ಮಾತ್ರ ಸೆಳೆತಕ್ಕೆ ಸಲ್ಲುತ್ತದೆ. ಉಳಿದದ್ದೆಲ್ಲ ಬೋಲ್ಟಿನ ತಲೆಯಡಿಯ ಮತ್ತು ಥ್ರೆಡ್ಡಿನ ಘರ್ಷಣೆಗೆ ಹೋಗುತ್ತದೆ.

ಈ ಲೆಕ್ಕ ಬಲ್ಲ ಕೆಲವರು ಇದನ್ನೇ ಮುಂದಿಟ್ಟು, ಘರ್ಷಣೆಯೊಂದರಿಂದಲೇ ಸೆಳೆತ ಶೇ 25ರಿಂದ 30ರಷ್ಟು ಆಚೀಚೆ ಆಗುವಾಗ ರೆಂಚಿನ ಶೇ 4ರ ತಪ್ಪಿಗೆ ತಲೆಕೆಡಿಸಿಕೊಳ್ಳುವುದೇಕೆ ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು, ಆದ್ದರಿಂದ ಉತ್ತರವನ್ನೂ ಗಂಭೀರವಾಗಿ ಕೊಡಬೇಕು. ಘರ್ಷಣೆಯಿಂದಾಗುವ ವ್ಯತ್ಯಾಸ ಒಂದು ಬೋಲ್ಟಿನಲ್ಲಿ ಹೆಚ್ಚಾದರೆ ಇನ್ನೊಂದರಲ್ಲಿ ಕಡಿಮೆಯಾಗುತ್ತದೆ. ಒಂದು ಮುಚ್ಚಳಕ್ಕೆ ಹತ್ತು ಬೋಲ್ಟ್‌ಗಳಿದ್ದರೆ ಅವು ಒಂದರ ಕೊರತೆಯನ್ನು ಇನ್ನೊಂದು ತಕ್ಕಮಟ್ಟಿಗೆ ತುಂಬಿಕೊಳ್ಳುತ್ತವೆ. ರೆಂಚಿನ ತಪ್ಪು ಹಾಗಲ್ಲ. ಅದು ಹತ್ತೂ ಬೋಲ್ಟ್‌ಗಳನ್ನು ಒಂದೇ ದಿಕ್ಕಿಗೆ ತಳ್ಳುತ್ತದೆ, ಆ ದಿನ ಆ ರೆಂಚ್ ಮುಟ್ಟಿದ ಪ್ರತಿಯೊಂದು ಜೋಡಣೆಯಲ್ಲೂ ತಳ್ಳುತ್ತದೆ, ಮತ್ತು ಘರ್ಷಣೆಯ ವ್ಯತ್ಯಾಸದ ಮೇಲೆ ತಾನೂ ಸೇರಿಕೊಳ್ಳುತ್ತದೆ. ಅಲ್ಲದೆ ಘರ್ಷಣೆಯನ್ನು ಪೂರ್ತಿಯಾಗಿ ಹತೋಟಿಯಲ್ಲಿಡುವುದು ನಮ್ಮ ಕೈಯಲ್ಲಿಲ್ಲ. ರೆಂಚನ್ನು ಸರಿಯಾಗಿ ಇಟ್ಟುಕೊಳ್ಳುವುದು ನಮ್ಮ ಕೈಯಲ್ಲಿದೆ.

ಇನ್ನು ಕ್ಯಾಲಿಬ್ರೇಷನ್ ಎಂಬ ಪದದ ಬಗ್ಗೆ. ಕ್ಯಾಲಿಬ್ರೇಷನ್ ಮಾಡಿಸುವುದೆಂದರೆ ರೆಂಚನ್ನು ಸರಿಪಡಿಸುವುದು ಎಂದು ಬಹಳಷ್ಟು ಜನ ತಿಳಿದಿದ್ದಾರೆ. ಅದು ತಪ್ಪು ತಿಳಿವಳಿಕೆ. ನಿಖರತೆ ತಿಳಿದಿರುವ ಇನ್ನೊಂದು ಸಾಧನದೊಂದಿಗೆ ಹೋಲಿಸಿ, ನಮ್ಮ ರೆಂಚ್ ಎಷ್ಟು ಹೆಚ್ಚು ಅಥವಾ ಎಷ್ಟು ಕಡಿಮೆ ತೋರಿಸುತ್ತದೆ ಎಂಬುದನ್ನು ಬರೆದಿಡುವುದಷ್ಟೇ ಕ್ಯಾಲಿಬ್ರೇಷನ್. ಒಳಗಿನ ಸ್ಕ್ರೂ ತಿರುಗಿಸಿ ಸ್ಪ್ರಿಂಗಿನ ಒತ್ತಡವನ್ನು ಹೊಂದಿಸುವುದು ಬೇರೆಯೇ ಕೆಲಸ, ಅದು ಹೋಲಿಕೆಯ ನಂತರ, ಅಗತ್ಯವಿದ್ದರೆ ಮಾತ್ರ ನಡೆಯಬೇಕಾದದ್ದು. ಹೊಂದಿಸಿದ ಮೇಲೆ ಮತ್ತೊಮ್ಮೆ ಪೂರ್ತಿಯಾಗಿ ಹೋಲಿಸಿ ನೋಡಬೇಕು. ಹೀಗೆ ಹೊಂದಿಸಿದ ರೆಂಚಿಗೆ ಎರಡು ಸಾಲು ಅಂಕಿಗಳಿರಬೇಕು: ಪ್ರಯೋಗಾಲಯಕ್ಕೆ ಬಂದಾಗ ಹೇಗಿತ್ತು, ಹೊರಡುವಾಗ ಹೇಗಿದೆ. ಬಳಸುವವನಿಗೆ ಮೊದಲನೆಯ ಸಾಲು ಎರಡನೆಯದಕ್ಕಿಂತ ಬೆಲೆಯುಳ್ಳದ್ದು ಎಂಬುದೇ ನಾನು ಹೇಳಬೇಕೆಂದಿರುವ ವಿಷಯ.

ಇದನ್ನು ನಾನು ಕಲಿತದ್ದು ನಷ್ಟದಿಂದ. ನಮ್ಮ ಕಾರ್ಯಾಗಾರದಲ್ಲಿ ಅಲ್ಯೂಮಿನಿಯಂ ಕವಚಗಳಿಗೆ ಕೂಡಿಸಿದ ಸ್ಟಡ್‌ಗಳು (ತಲೆಯಿಲ್ಲದ, ಥ್ರೆಡ್ ಇರುವ ಸರಳುಗಳು) ಒಂದಾದ ಮೇಲೊಂದರಂತೆ ಥ್ರೆಡ್ ಸಮೇತ ಕಿತ್ತು ಬರತೊಡಗಿದವು. ಮೊದಲು ಸ್ಟಡ್‌ಗಳ ಗುಣಮಟ್ಟವನ್ನು ಶಂಕಿಸಿದೆವು, ಆಮೇಲೆ ಕವಚದ ಎರಕವನ್ನು, ಕೊನೆಗೆ ಕೆಲಸ ಮಾಡುತ್ತಿದ್ದ ಹುಡುಗನನ್ನು. ರೆಂಚಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ, ಏಕೆಂದರೆ ಅದಕ್ಕೆ ಅವಧಿ ಮೀರದ ಕ್ಯಾಲಿಬ್ರೇಷನ್ ಸ್ಟಿಕ್ಕರ್ ಅಂಟಿಸಿತ್ತು. ಅದನ್ನು ಮತ್ತೆ ಹೊರಗಿನ ಪ್ರಯೋಗಾಲಯವೊಂದಕ್ಕೆ ಕಳುಹಿಸಿ, ಏನನ್ನೂ ಮುಟ್ಟದೆ ಬಂದ ಸ್ಥಿತಿಯಲ್ಲೇ ಅಳೆಯಬೇಕೆಂದು ಬರೆದುಕೊಟ್ಟಾಗ, 100ಕ್ಕೆ ಇಟ್ಟರೆ 112ರ ಹತ್ತಿರ ಕ್ಲಿಕ್ ಆಗುತ್ತಿದೆ ಎಂದು ತಿಳಿಯಿತು. ಹಿಂದಿನ ವರ್ಷಗಳ ಪ್ರಮಾಣಪತ್ರಗಳನ್ನು ತೆಗೆದು ನೋಡಿದರೆ ಎಲ್ಲದರಲ್ಲೂ ಹೊರಡುವಾಗಿನ ಅಂಕಿಗಳಷ್ಟೇ ಇದ್ದವು. ರೆಂಚ್ ಪ್ರತಿವರ್ಷವೂ ತಪ್ಪಿ, ಪ್ರತಿವರ್ಷವೂ ಸದ್ದಿಲ್ಲದೆ ಸರಿಯಾಗಿ ನಮ್ಮ ಕೈಗೆ ಮರಳುತ್ತಿತ್ತೋ, ಅಥವಾ ಆ ಒಂದು ವರ್ಷ ಮಾತ್ರ ತಪ್ಪಿತೋ ಎಂಬುದನ್ನು ತಿಳಿಯುವ ದಾರಿಯೇ ನಮಗೆ ಉಳಿದಿರಲಿಲ್ಲ. ಆ ಹುಡುಗನ ಕ್ಷಮೆ ಕೇಳಿದೆ. ಆದರೆ ಅಷ್ಟು ದಿನ ಅವನು ಹೊತ್ತಿದ್ದ ಆಪಾದನೆಯನ್ನು ನೆನೆದರೆ ಇಂದಿಗೂ ನೋವಾಗುತ್ತದೆ.

ಆಗ ಇನ್ನೊಂದು ಕಷ್ಟವೂ ಎದುರಾಯಿತು. ಅಷ್ಟರಲ್ಲಿ ಬಿಗಿದಿದ್ದ ಬೋಲ್ಟ್‌ಗಳನ್ನು ಸರಿಯಾದ ರೆಂಚಿನಿಂದ ಮತ್ತೊಮ್ಮೆ ಕ್ಲಿಕ್ ಮಾಡಿ ನೋಡಿದರೆ ಸಾಕೆಂದು ಕೆಲವರು ಹೇಳಿದರು. ಹೆಚ್ಚು ಬಿಗಿಯಾದ ಬೋಲ್ಟ್ ಹಾಗೆ ಸಿಕ್ಕಿಬೀಳುವುದಿಲ್ಲ. ಅದು ಕದಲುವ ಮೊದಲೇ ರೆಂಚ್ ಕ್ಲಿಕ್ ಎನ್ನುತ್ತದೆ, ನೋಡುವವನಿಗೆ ಎಲ್ಲವೂ ಸರಿಯಾಗಿದೆಯೆಂದೇ ತೋರುತ್ತದೆ. ಒಂದೊಂದನ್ನೂ ಸಡಿಲಿಸಿ, ಥ್ರೆಡ್ ಪರೀಕ್ಷಿಸಿ, ಹಿಗ್ಗಿದ್ದನ್ನು ಬದಲಿಸಿ ಮತ್ತೆ ಬಿಗಿಯುವುದೊಂದೇ ನಮಗೆ ಉಳಿದ ಹಾದಿಯಾಗಿತ್ತು.

ಎಷ್ಟು ತಪ್ಪನ್ನು ಒಪ್ಪಬಹುದು ಎಂಬುದಕ್ಕೆ ಅಂತರರಾಷ್ಟ್ರೀಯ ಮಾನದಂಡವಿದೆ. ಐಎಸ್ಒ 6789 ಎಂಬ ಈ ಮಾನದಂಡದ ಪ್ರಕಾರ ಗರಿಷ್ಠ ಸಾಮರ್ಥ್ಯ 10 ನ್ಯೂಟನ್ ಮೀಟರಿಗಿಂತ ಹೆಚ್ಚಿರುವ, ಅಳತೆಗೆರೆಗಳುಳ್ಳ ಸಾಮಾನ್ಯ ಕ್ಲಿಕ್ ರೆಂಚ್ ಶೇ 4ಕ್ಕಿಂತ ಹೆಚ್ಚು ತಪ್ಪಬಾರದು. ಅದಕ್ಕಿಂತ ಚಿಕ್ಕ ರೆಂಚುಗಳಿಗೆ ಶೇ 6ರವರೆಗೆ ಅವಕಾಶವಿದೆ. ಇಂಥ ರೆಂಚನ್ನು ಸಾಮರ್ಥ್ಯದ ಶೇ 20, ಶೇ 60 ಮತ್ತು ಶೇ 100ರ ಬಳಿ, ಪ್ರತಿ ಹಂತದಲ್ಲೂ ಹಲವು ಬಾರಿ ಅಳೆಯಲಾಗುತ್ತದೆ. 2017ರಲ್ಲಿ ಈ ಮಾನದಂಡವನ್ನು ಎರಡು ಭಾಗಗಳಾಗಿ ಪ್ರಕಟಿಸಲಾಯಿತು. ಮೊದಲ ಭಾಗ ರೆಂಚ್ ನಿಗದಿತ ಮಿತಿಯೊಳಗಿದೆ ಎಂಬ ಘೋಷಣೆಗೆ ಸಂಬಂಧಿಸಿದ್ದು; ಅಳತೆಯ ಅನಿಶ್ಚಿತತೆಯನ್ನೂ ಲೆಕ್ಕಹಾಕುವ ಕ್ಯಾಲಿಬ್ರೇಷನ್ ಎರಡನೆಯ ಭಾಗಕ್ಕೆ ಸೇರಿದ್ದು. ಹೊಸ ರೆಂಚಿನ ಪೆಟ್ಟಿಗೆಯಲ್ಲಿ ಬರುವ ಕಾಗದ ಈ ಎರಡರಲ್ಲಿ ಯಾವುದು ಎಂಬುದನ್ನು ಓದಿ ನೋಡಬೇಕು, ಏಕೆಂದರೆ ಕೇವಲ ಘೋಷಣೆಯನ್ನು ಕ್ಯಾಲಿಬ್ರೇಷನ್ ಪ್ರಮಾಣಪತ್ರವೆಂದು ನಂಬಿ ಕಡತದಲ್ಲಿ ಸೇರಿಸುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ.

ಅವಧಿಯ ವಿಚಾರದಲ್ಲಿ ಎಲ್ಲರೂ ನೆನಪಿಡುವುದು ಒಂದು ವರ್ಷ ಎಂಬ ಮಾತನ್ನು ಮಾತ್ರ. ಬಳಕೆದಾರರು ತಮ್ಮದೇ ಆದ ಕ್ರಮವನ್ನು ರೂಪಿಸಿಕೊಂಡಿರದಿದ್ದರೆ 12 ತಿಂಗಳು ಅಥವಾ 5,000 ಬಾರಿಯ ಬಳಕೆ, ಇವೆರಡರಲ್ಲಿ ಯಾವುದು ಮೊದಲೋ ಆಗ ಪರೀಕ್ಷಿಸಬೇಕೆಂಬುದು ಮಾನದಂಡದ ಮಾತು. ದಿನಕ್ಕೆ ನೂರು ನಟ್ ಬಿಗಿಯುವ ರೆಂಚ್ ಐವತ್ತು ಕೆಲಸದ ದಿನಗಳಲ್ಲಿ ಆ ಸಂಖ್ಯೆಯನ್ನು ತಲುಪುತ್ತದೆ. ಅಂದರೆ ಇನ್ನೂ ಒಂಬತ್ತು ತಿಂಗಳಿಗಿಂತ ಹೆಚ್ಚು ಕಾಲ ಸ್ಟಿಕ್ಕರ್ ತನ್ನ ಅವಧಿ ಮುಗಿದಿಲ್ಲವೆಂದು ಹೇಳುತ್ತಿರುವಾಗಲೇ ಪರೀಕ್ಷೆಯ ಸಮಯ ಕಳೆದುಹೋಗಿರುತ್ತದೆ. ಎತ್ತರದಿಂದ ಬಿದ್ದ ರೆಂಚನ್ನೂ ಸಾಮರ್ಥ್ಯ ಮೀರಿ ಎಳೆದ ರೆಂಚನ್ನೂ ಒಳಭಾಗ ಬಿಚ್ಚಿ ದುರಸ್ತಿ ಮಾಡಿದ ರೆಂಚನ್ನೂ ದಿನಾಂಕ ನೋಡದೆ ತಕ್ಷಣ ಪರೀಕ್ಷೆಗೆ ಕಳುಹಿಸಬೇಕು. ಬಿದ್ದದ್ದನ್ನು ಹೇಳಿದವನಿಗೆ ದಂಡವಿಲ್ಲ ಎಂಬ ಭರವಸೆ ಇರುವ ಕಾರ್ಯಾಗಾರದಲ್ಲಿ ಮಾತ್ರ ಈ ನಿಯಮ ನಡೆಯುತ್ತದೆ.

ಕ್ಲಿಕ್ ರೆಂಚಿನ ಒಳಗಿರುವುದು ಒಂದು ಗಟ್ಟಿ ಸ್ಪ್ರಿಂಗ್ ಮತ್ತು ಅದು ಒತ್ತಿ ಹಿಡಿದಿರುವ ಒಂದು ಸಣ್ಣ ಲೋಹದ ತುಂಡು. ನಾವು ಎಳೆಯುವ ಬಲ ಸ್ಪ್ರಿಂಗಿನ ಒತ್ತಡವನ್ನು ಮೀರಿದಾಗ ಆ ತುಂಡು ವಾಲುತ್ತದೆ, ರೆಂಚಿನ ತಲೆಯಿಂದ ಒಳಕ್ಕೆ ಚಾಚಿರುವ ಸರಳು ಕೊಳವೆಯ ಒಳಮೈಗೆ ತಾಗಿ ಸದ್ದಾಗುತ್ತದೆ. ಕೆಲಸ ಮುಗಿದ ಮೇಲೆ ಹೆಚ್ಚಿನ ಅಂಕಿಯಲ್ಲೇ ಬಿಟ್ಟು ತಿಂಗಳುಗಟ್ಟಲೆ ಇಟ್ಟರೆ ಸ್ಪ್ರಿಂಗ್ ಕ್ರಮೇಣ ಸೋತು, ಕ್ಲಿಕ್ ಬೇಗ ಆಗುತ್ತದೆ, ಬೋಲ್ಟ್ ಸಡಿಲವಾಗಿ ಉಳಿಯುತ್ತದೆ. ಒಳಗಿನ ಗ್ರೀಸ್ ಒಣಗಿದರೆ ಇದಕ್ಕೆ ತಿರುಗುಮುರುಗಾಗಿ ಕ್ಲಿಕ್ ತಡವಾಗಬಹುದು, ಅದರಲ್ಲೂ ಬಹಳ ದಿನ ಮುಟ್ಟದೆ ಇಟ್ಟಿದ್ದ ರೆಂಚಿನ ಮೊದಲ ಕೆಲವು ಕ್ಲಿಕ್‌ಗಳು. ಆದ್ದರಿಂದ ಬಳಸಿದ ನಂತರ ಅಳತೆಪಟ್ಟಿಯ ಅತ್ಯಂತ ಕೆಳಗಿನ ಗೆರೆಗೆ ಇಳಿಸಿಡಬೇಕು. ಆ ಗೆರೆಗಿಂತಲೂ ಕೆಳಕ್ಕೆ ಬಿಚ್ಚಿದರೆ ಒಳಗಿನ ಭಾಗಗಳು ಸ್ಥಾನ ತಪ್ಪಬಹುದು. ಮುಖ್ಯ ಕೆಲಸಕ್ಕೆ ಮೊದಲು ನಾಲ್ಕೈದು ಬಾರಿ ಕ್ಲಿಕ್ ಮಾಡಿ ಗ್ರೀಸ್ ಹರಡುವಂತೆ ಮಾಡಬೇಕು. ತುಕ್ಕು ಹಿಡಿದ ನಟ್ ಬಿಚ್ಚಲು ಟಾರ್ಕ್ ರೆಂಚನ್ನು ಎಂದಿಗೂ ಕೊಡಬಾರದು, ಅದಕ್ಕೆ ಉದ್ದ ಹಿಡಿಯ ಬೇರೆ ಸ್ಪ್ಯಾನರ್‌ಗಳಿವೆ.

ಸರಿಯಾದ ರೆಂಚನ್ನೂ ತಪ್ಪಾಗಿ ಬಳಸಬಹುದು. ಕ್ಲಿಕ್ ಆದ ಮೇಲೆ "ಭದ್ರವಾಗಲಿ" ಎಂದು ಇನ್ನೊಮ್ಮೆ ಎಳೆಯುವ ಅಭ್ಯಾಸ ಎಲ್ಲ ಲೆಕ್ಕವನ್ನೂ ಕೆಡಿಸುತ್ತದೆ. ರೆಂಚಿನ ತುದಿಗೆ ಅದರ ಉದ್ದದ ನೇರಕ್ಕೆ ಸೇರಿಸುವ ಚಪ್ಪಟೆ ಸ್ಪ್ಯಾನರ್ ತುಂಡು ಬೋಲ್ಟಿಗೆ ಸಿಗುವ ತಿರುಚುಬಲವನ್ನು ಹೆಚ್ಚಿಸುತ್ತದೆ: 400 ಮಿ.ಮೀ. ಉದ್ದದ ರೆಂಚಿಗೆ 100 ಮಿ.ಮೀ. ತುಂಡು ಸೇರಿಸಿದರೆ, 100 ನ್ಯೂಟನ್ ಮೀಟರ್ ಬೇಕಾದಾಗ ರೆಂಚನ್ನು 80ಕ್ಕೆ ಇಡಬೇಕಾಗುತ್ತದೆ.

ಪ್ರಯೋಗಾಲಯ ಕೈಗೆಟುಕದವರು ತೂಕ ತೂಗುಹಾಕಿ ಒಂದು ಸ್ಥೂಲ ಪರೀಕ್ಷೆ ಮಾಡಿಕೊಳ್ಳಬಹುದು. ರೆಂಚಿನ ಚೌಕ ತುದಿಯನ್ನು ವೈಸಿನಲ್ಲಿ ಬಿಗಿದು, ರೆಂಚ್ ನೆಲಕ್ಕೆ ಸಮಾನಾಂತರವಾಗಿರುವಂತೆ ನೋಡಿಕೊಂಡು, ಹಿಡಿಯ ನಡುವೆ, ಚೌಕದ ಮಧ್ಯದಿಂದ 40 ಸೆಂ.ಮೀ. ದೂರದಲ್ಲಿ 10 ಕೆ.ಜಿ. ತೂಕವನ್ನು ಮೆಲ್ಲಗೆ ಇಳಿಬಿಟ್ಟರೆ 39.2 ನ್ಯೂಟನ್ ಮೀಟರ್ ಸಿಗುತ್ತದೆ. ರೆಂಚಿನ ಸ್ವಂತ ತೂಕವನ್ನು ಇದಕ್ಕೆ ಸೇರಿಸಲು ಮರೆಯಬಾರದು. ರೆಂಚ್ 1.2 ಕೆ.ಜಿ. ಇದ್ದು ಅದರ ತೂಕದ ಕೇಂದ್ರ 20 ಸೆಂ.ಮೀ. ದೂರದಲ್ಲಿದ್ದರೆ ಅದೊಂದೇ ಸುಮಾರು 2.4 ಆಗುತ್ತದೆ, ಅಂದರೆ ನಾವು ಹುಡುಕುತ್ತಿರುವ ಶೇ 4ರ ತಪ್ಪಿಗಿಂತಲೂ ದೊಡ್ಡದು. ಒಟ್ಟು 41.6 ಆಯಿತು. ರೆಂಚನ್ನು 40ಕ್ಕೆ ಇಟ್ಟಾಗ ಕ್ಲಿಕ್ ಆಗಬೇಕು, 43.5ಕ್ಕೆ ಇಟ್ಟಾಗ ಆಗಬಾರದು. ಇದು ಕ್ಯಾಲಿಬ್ರೇಷನ್‌ಗೆ ಬದಲಿಯಲ್ಲ, ಪ್ರಮಾಣಪತ್ರಕ್ಕೂ ಆಧಾರವಾಗುವುದಿಲ್ಲ. ಆದರೆ ಶೇ 12ರಷ್ಟು ತಪ್ಪಿದ ರೆಂಚನ್ನು ಹತ್ತು ನಿಮಿಷದಲ್ಲಿ ಹಿಡಿದುಕೊಡುತ್ತದೆ. ತಿಂಗಳಿಗೊಮ್ಮೆ ಹೀಗೆ ನೋಡಿ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರೆ ನಮ್ಮ ಸ್ಟಡ್‌ಗಳು ಉಳಿಯುತ್ತಿದ್ದವು.

ಪ್ರಯೋಗಾಲಯಗಳ ಸಾಮರ್ಥ್ಯಕ್ಕೆ ಸಂಬಂಧಿಸಿದ ಮಾನದಂಡವಾದ ಐಎಸ್ಒ/ಐಇಸಿ 17025 ಕೂಡ, ಸಾಧನವನ್ನು ಸರಿಪಡಿಸಿದ್ದರೆ ಅದಕ್ಕೆ ಮೊದಲಿನ ಮತ್ತು ನಂತರದ ಫಲಿತಾಂಶಗಳು ಲಭ್ಯವಿದ್ದಲ್ಲಿ ಅವುಗಳನ್ನು ಪ್ರಮಾಣಪತ್ರದಲ್ಲಿ ಕೊಡಬೇಕೆನ್ನುತ್ತದೆ. ಆ "ಲಭ್ಯವಿದ್ದಲ್ಲಿ" ಎಂಬ ಮಾತಿನಲ್ಲೇ ಎಲ್ಲವೂ ನಿಂತಿದೆ. ಮೊದಲು ಅಳೆಯದಿದ್ದರೆ ಕೊಡಲು ಏನೂ ಇರುವುದಿಲ್ಲ. ಆದಕಾರಣ ಪ್ರಯೋಗಾಲಯ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟು: ಗ್ರಾಹಕರು ಕೇಳದಿದ್ದರೂ ಸ್ಕ್ರೂ ಮುಟ್ಟುವ ಮೊದಲು ಅಳೆದು ಬರೆಯಿರಿ. ರೆಂಚ್ ಕಳುಹಿಸುವ ಕಾರ್ಯಾಗಾರದವರು ರೆಂಚಿನ ಜೊತೆಗಿಡುವ ಚೀಟಿಯಲ್ಲಿ "ಬಂದ ಸ್ಥಿತಿಯ ಅಳತೆ ಬೇಕು, ಮಿತಿ ಮೀರಿದ್ದರೆ ಸರಿಪಡಿಸುವ ಮೊದಲು ತಿಳಿಸಿ" ಎಂಬ ಒಂದು ಸಾಲನ್ನು ಬರೆದು, ಪ್ರಮಾಣಪತ್ರ ಬಂದ ದಿನವೇ ಆ ಅಂಕಿಗಳನ್ನು ಹಿಂದಿನ ವರ್ಷದ ಅಂಕಿಗಳ ಪಕ್ಕದಲ್ಲಿಟ್ಟು ಓದಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಟೂಲ್ ರೂಮ್ ಮೇಲ್ವಿಚಾರಕ