ಚಾರ್ಲ್ಸ್ ಬ್ರಾಡ್ಲಿಯ ತಾಯಿ

ಪ್ರೀತಿಯ ಪುಟ್ಟಿಗೆ,

ನೀನು ಕಳುಹಿಸಿದ ಹಾಡನ್ನು ಮೂರು ದಿನ ತೆರೆಯದೆ ಇಟ್ಟಿದ್ದೆ. ನಾಲ್ಕನೆಯ ರಾತ್ರಿ ಅಡುಗೆಮನೆಯ ದೀಪ ಆರಿಸಿ ಬಂದು ಕೇಳಿದೆ. ಪದಗಳ ಅರ್ಥ ಕೈಗೆ ಸಿಗುವ ಮೊದಲೇ ಆ ದನಿ ನನ್ನನ್ನು ಹಿಡಿದು ಕೂರಿಸಿತು. ಮಧ್ಯರಾತ್ರಿ ವಾರ್ಡಿನಲ್ಲಿ ನೋವು ತಡೆಯಲಾರದ ರೋಗಿ 'ಅಮ್ಮಾ' ಎಂದು ಕೂಗುವುದನ್ನು ಮೂವತ್ತೆರಡು ವರ್ಷ ಕೇಳಿದವಳು ನಾನು. ಎಪ್ಪತ್ತು ದಾಟಿದ ಮುದುಕರೂ ಆಗ ತಾಯಿಯನ್ನೇ ಕರೆಯುತ್ತಾರೆ. ಆ ಹಾಡಿನಲ್ಲಿ ಅದೇ ಕೂಗಿತ್ತು.

ಆಮೇಲೆ ಅದನ್ನು ಹಾಡಿದ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಯಾರೆಂದು ಹುಡುಕಿ ಹುಡುಕಿ ಓದಿದೆ. ಅವರ ಮೇಲೆ ತೆಗೆದ ಸಾಕ್ಷ್ಯಚಿತ್ರವನ್ನೂ ನೋಡಿದೆ. ನೀನು ಹಾಡುಗಾರನನ್ನು ಪರಿಚಯಿಸಿದೆ, ನನ್ನ ಕಣ್ಣು ಅವನ ತಾಯಿಯ ಮೇಲೆ ನಿಂತಿತು. ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಹೊರಟರೆ ನಾನು ಮಾತು ಬದಲಿಸಿ ನಿನ್ನ ಊಟ ಆಯಿತೇ ಎಂದು ಕೇಳಿಬಿಡುತ್ತೇನೆ.

ಅವನು ಹುಟ್ಟಿದ್ದು 1948ರ ನವೆಂಬರ್ 5ರಂದು, ಫ್ಲಾರಿಡಾದ ಗೇನ್ಸ್‌ವಿಲ್‌ನಲ್ಲಿ. (ಚಿಕ್ಕವನಾಗಿದ್ದಾಗಿನ ಮಾತಾದ್ದರಿಂದ 'ಅವನು' ಎನ್ನುತ್ತಿದ್ದೇನೆ.) ಎಂಟು ತಿಂಗಳ ಕೂಸನ್ನು ತಾಯಿ ಬಿಟ್ಟುಹೋದಳು. ಸಾಕಿದ್ದು ತಾಯಿಯ ತಾಯಿ. ಎಂಟು ವರ್ಷವಾದಾಗ ತಾಯಿ ಬಂದು ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಕರೆದೊಯ್ದಳು. ಅಲ್ಲಿ ಅವನು ಮಲಗುತ್ತಿದ್ದದ್ದು ನೆಲಮಾಳಿಗೆಯಲ್ಲಿ, ಕೆಳಗೆ ಬರೀ ಮರಳು. ಹದಿನಾಲ್ಕನೆಯ ವಯಸ್ಸಿಗೆ ಮನೆ ಬಿಟ್ಟ. ಹಗಲು ಬೀದಿ, ರಾತ್ರಿ ಸುರಂಗ ರೈಲಿನ ಬೋಗಿ. ಎರಡು ವರ್ಷ ಹಾಗೆಯೇ ಕಳೆದ.

ಇಲ್ಲಿಗೆ ಓದಿ ಕಂಪ್ಯೂಟರ್ ಮುಚ್ಚಿದೆ. ಏಕೆಂದು ನಿನಗೆ ಗೊತ್ತು.

ನಿನ್ನ ಅಪ್ಪ ತೀರಿಕೊಂಡ ವರ್ಷ ನನಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಹನ್ನೊಂದು ತಿಂಗಳ ನಿನ್ನನ್ನು ಕೊಪ್ಪದ ಹತ್ತಿರ ಅಜ್ಜಿಯ ಮಡಿಲಿಗೆ ಹಾಕಿ ಬಂದೆ. ನೀನು ಅಜ್ಜಿಯನ್ನು 'ಅಮ್ಮ' ಎಂದೆ, ನನ್ನನ್ನು 'ಪೇಟೆ ಅಮ್ಮ' ಎಂದೆ. ಒಂದನೆಯ ತರಗತಿಗೆ ಸೇರಿಸುವ ಹೊತ್ತಿಗೆ ನಿನ್ನನ್ನು ಕರೆತರಲು ಸೋದರಮಾವನನ್ನು ಕಳುಹಿಸಿದೆ, ನನಗೆ ನೈಟ್ ಡ್ಯೂಟಿ ಇತ್ತು. ಮರುದಿನ ಬೆಳಿಗ್ಗೆ ಬಂದಾಗ ನೀನು ಬಾಗಿಲ ಹಿಂದೆ ಅಜ್ಜಿಯ ಸೀರೆಯ ತುಂಡು ಹಿಡಿದು ಕುಳಿತಿದ್ದೆ. ನಾಲ್ಕು ದಿನ ಬಾಯಿ ಬಿಡಲಿಲ್ಲ.

ಮತ್ತೆ ಓದತೊಡಗಿದ್ದು ಎರಡು ದಿನ ಬಿಟ್ಟು.

ಮನೆ ಬಿಡುವುದಕ್ಕೆ ಸ್ವಲ್ಪ ಮೊದಲು, 1962ರಲ್ಲಿ, ಅಕ್ಕ ಅವನನ್ನು ಹಾರ್ಲೆಮ್‌ನ ಅಪೊಲೊ ಥಿಯೇಟರಿಗೆ ಕರೆದೊಯ್ದಿದ್ದಳು. ವೇದಿಕೆಯ ಮೇಲೆ ಜೇಮ್ಸ್ ಬ್ರೌನ್. ಕಪ್ಪು ಜನರ ಚರ್ಚುಗಳಲ್ಲಿ ದೇವರನ್ನು ಕರೆಯುತ್ತಿದ್ದ ಗಾಯನವೂ ಹೊಲಗಳಲ್ಲಿ ದುಡಿದವರ ಬ್ಲೂಸ್ ಸಂಗೀತವೂ ಕೂಡಿ 'ಸೋಲ್' ಎಂಬ ಸಂಗೀತ ಹುಟ್ಟಿತು ಎನ್ನುತ್ತಾರೆ. ಆ ಸೋಲ್ ಮೈಮೇಲೆ ಬಂದಂತೆ ಹಾಡುತ್ತಿದ್ದವರು ಬ್ರೌನ್. ಹುಡುಗ ಮನೆಗೆ ಬಂದು ಪೊರಕೆಗೆ ಹಗ್ಗ ಕಟ್ಟಿ ಅದನ್ನೇ ಮೈಕು ಮಾಡಿಕೊಂಡು, ಬೀಸಿ ಎಸೆದು ಹಿಂದಕ್ಕೆ ಸೆಳೆದುಕೊಳ್ಳುವ ಅಭ್ಯಾಸ ಮಾಡಿದ. ಮಲಗಲು ಮರಳಿನ ನೆಲ, ಕೈಯಲ್ಲಿ ಪೊರಕೆ. ಈ ಚಿತ್ರ ನನ್ನನ್ನು ಇನ್ನೂ ಬಿಟ್ಟಿಲ್ಲ.

ಬೀದಿಯಿಂದ ಅವರನ್ನು ಎತ್ತಿದ್ದು ಬಡ ಯುವಕರಿಗೆ ಕಸುಬು ಕಲಿಸುವ 'ಜಾಬ್ ಕೋರ್' ಎಂಬ ಸರ್ಕಾರಿ ಯೋಜನೆ. ಮೇನ್ ರಾಜ್ಯದ ಬಾರ್ ಹಾರ್ಬರಿನಲ್ಲಿ ಅಡುಗೆ ಕಲಿತರು. ಜೊತೆಯವರೊಬ್ಬರು ನಿನ್ನ ಮುಖ ಜೇಮ್ಸ್ ಬ್ರೌನನಂತಿದೆ, ಹಾಡುತ್ತೀಯಾ ಎಂದು ಕೇಳಿದ್ದರಿಂದ ಸಂಕೋಚ ಬಿಟ್ಟು ಒಂದು ಬ್ಯಾಂಡ್ ಸೇರಿದರು. ನಾಲ್ಕಾರು ಕಾರ್ಯಕ್ರಮ ಆಗುವಷ್ಟರಲ್ಲಿ ಸಂಗಡಿಗರನ್ನು ವಿಯೆಟ್ನಾಂ ಯುದ್ಧಕ್ಕೆ ಕರೆಸಿಕೊಂಡರು, ಬ್ಯಾಂಡ್ ಮುಗಿಯಿತು. ಮುಂದೆ ಹಲವು ವರ್ಷ ವಸೇಯಿಕ್ ಎಂಬ ಊರಿನ ಮಾನಸಿಕ ಆಸ್ಪತ್ರೆಯಲ್ಲಿ ಅಡುಗೆ. ಆಸ್ಪತ್ರೆಯ ಅಡುಗೆಮನೆ ಎಂದರೆ ಏನೆಂದು ನನಗೆ ಗೊತ್ತು: ರುಚಿಗಿಂತ ಹೊತ್ತು ಮುಖ್ಯ, ಉಂಡವರ ಮುಖ ಅಡುಗೆಯವನಿಗೆ ಕಾಣುವುದೇ ಇಲ್ಲ. ಆಮೇಲೆ ದಾರಿಯಲ್ಲಿ ಸಿಕ್ಕ ವಾಹನಗಳಿಗೆ ಕೈ ತೋರಿಸುತ್ತ ಪಶ್ಚಿಮಕ್ಕೆ ಹೊರಟರು. ಅಲಾಸ್ಕಾ, ಕ್ಯಾಲಿಫೋರ್ನಿಯಾ. ಸಿಕ್ಕ ಕೆಲಸ, ಸಿಕ್ಕಲ್ಲಿ ಹಾಡು. ಸುಮಾರು ಇಪ್ಪತ್ತು ವರ್ಷ.

1996ರಲ್ಲಿ ತಾಯಿಯೇ ಕರೆದಳು, ಬಾ, ನನ್ನ ಹತ್ತಿರ ಇರು ಎಂದು. ಮಗ ಬಂದ. ಬಂದು ಆಕೆಯನ್ನು ನೋಡಿಕೊಂಡ. ನಲವತ್ತೆಂಟರ ಆಸುಪಾಸಿನ ಮಗ, ತಾನು ಬಿಟ್ಟು ಓಡಿಹೋದ ತಾಯಿಯ ಹೊಸ್ತಿಲು ಮತ್ತೆ ದಾಟಿದ.

ಬ್ರೂಕ್ಲಿನ್‌ನ ಕ್ಲಬ್ಬುಗಳಲ್ಲಿ ಅವರು 'ಬ್ಲ್ಯಾಕ್ ವೆಲ್ವೆಟ್' ಎಂಬ ಹೆಸರಿನಲ್ಲಿ, ಕೃತಕ ಕೂದಲು ತೊಟ್ಟು, ಜೇಮ್ಸ್ ಬ್ರೌನರ ಹಾಡುಗಳನ್ನೇ ಹಾಡುತ್ತಿದ್ದರು. ಆ ವರ್ಷಗಳಲ್ಲೇ ಒಮ್ಮೆ ಆಸ್ಪತ್ರೆಯಲ್ಲಿ ಪೆನಿಸಿಲಿನ್ ಒಗ್ಗದೆ ಸಾವಿನ ಬಾಗಿಲವರೆಗೆ ಹೋಗಿ ಬಂದರು. ಇದನ್ನು ಓದುವಾಗ ನನ್ನ ಕೈ ತಣ್ಣಗಾಯಿತು. ಔಷಧ ಒಗ್ಗುತ್ತದೆಯೇ ಎಂದು ನಾವು ಚರ್ಮದೊಳಗೆ ಟೆಸ್ಟ್ ಡೋಸ್ ಕೊಟ್ಟು, ಗಡಿಯಾರ ನೋಡುತ್ತ ಕಾದು ಕುಳಿತ ಎಷ್ಟೋ ರಾತ್ರಿಗಳು ನೆನಪಾದವು. ಅದು ಸಾಲದೆಂಬಂತೆ ಸಹೋದರ ಜೋಸೆಫ್‌ನನ್ನು ಸ್ವಂತ ಸಂಬಂಧಿಯೇ ಗುಂಡಿಟ್ಟು ಕೊಂದ.

ಇಷ್ಟೆಲ್ಲ ಆದ ಮೇಲೆ ಬಂತು ಹಾಡಿನ ಕಾಲ. ಡ್ಯಾಪ್‌ಟೋನ್ ಎಂಬ ಸಣ್ಣ ಧ್ವನಿಮುದ್ರಣ ಸಂಸ್ಥೆಯ ಗೇಬ್ರಿಯಲ್ ರಾತ್ ಎಂಬವರು ಬ್ರಾಡ್ಲಿಯವರನ್ನು ಗುರುತಿಸಿದರು. ಥಾಮಸ್ ಬ್ರೆನೆಕ್ ಎಂಬ ಗಿಟಾರ್ ವಾದಕ ಎದುರು ಕುಳಿತು ಅವರ ಬದುಕಿನ ಕಥೆ ಕೇಳಿದ. ಬೇರೊಬ್ಬರ ಹಾಡು ಬಿಟ್ಟು ನಿಮ್ಮದನ್ನು ಹೇಳಿ ಎಂದ. ಜೋಸೆಫ್ ಸತ್ತ ಬೆಳಗನ್ನು ಅವರು ಹೇಳಿಕೊಂಡಾಗ ಅದೇ ಹಾಡಾಯಿತು. ಮೊದಲ ಆಲ್ಬಂ ಬಂದದ್ದು 2011ರ ಜನವರಿಯಲ್ಲಿ, ಅವರ ಅರವತ್ತೆರಡನೆಯ ವಯಸ್ಸಿನಲ್ಲಿ. ಇನ್ನೆರಡು 2013ರಲ್ಲಿ, 2016ರಲ್ಲಿ.

ನೀನು ಕಳುಹಿಸಿದ 'ಚೇಂಜಸ್' ಮೂಲದಲ್ಲಿ ಬ್ಲ್ಯಾಕ್ ಸಬಾತ್ ಎಂಬ ಇಂಗ್ಲೆಂಡಿನ ರಾಕ್ ತಂಡದ್ದು, 1972ರದು. ಅಲ್ಲಿ ಅದು ಮುರಿದ ಪ್ರೇಮದ ಹಾಡು. ಬ್ರಾಡ್ಲಿ ಅದನ್ನು ತಮ್ಮ ತಾಯಿಗಾಗಿ ಹಾಡಿದರು. ಎಂಟು ತಿಂಗಳಿಗೆ ಬಿಟ್ಟುಹೋದ ಅದೇ ತಾಯಿಗಾಗಿ. ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯಿಂದ ಇಳಿದು ಕೇಳುಗರನ್ನು ಒಬ್ಬೊಬ್ಬರನ್ನಾಗಿ ಅಪ್ಪಿಕೊಳ್ಳುತ್ತಿದ್ದರಂತೆ. ನಾನು ಆ ದೃಶ್ಯಗಳನ್ನು ನೋಡಿದೆ, ಬೆವರಿನಿಂದ ತೊಯ್ದ ಅಂಗಿಯಲ್ಲಿ ಅಪರಿಚಿತರ ಹೆಗಲ ಮೇಲೆ ತಲೆಯಿಡುವ ಆ ಮನುಷ್ಯನನ್ನು.

2016ರಲ್ಲಿ ಹೊಟ್ಟೆಯ ಕ್ಯಾನ್ಸರ್. ಚಿಕಿತ್ಸೆಯ ನಂತರ ಮತ್ತೆ ವೇದಿಕೆ ಹತ್ತಿದರು. ಆದರೆ ರೋಗ ಯಕೃತ್ತಿಗೆ ಹಬ್ಬಿತು. 2017ರ ಸೆಪ್ಟೆಂಬರ್ 23ರಂದು ತೀರಿಕೊಂಡರು. ಮೊದಲ ಆಲ್ಬಂನಿಂದ ಲೆಕ್ಕ ಹಾಕಿದರೆ ಏಳು ವರ್ಷವೂ ತುಂಬಲಿಲ್ಲ.

ಅಷ್ಟು ನೊಂದಿದ್ದರಿಂದಲೇ ಆ ದನಿ ಮಾಗಿತು ಎಂದು ಹಲವರು ಬರೆದಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ನೋವಿನಿಂದ ಹಣ್ಣಾದ ರೋಗಿಯನ್ನು ನಾನು ಕಂಡಿಲ್ಲ, ಬಳಲಿದವರನ್ನೇ ಕಂಡೆ. ಆ ದನಿ ಪೊರಕೆ ಹಿಡಿದ ಹುಡುಗನಲ್ಲೇ ಇತ್ತು. ಅಲ್ಲಿಂದ ಮೊದಲ ಆಲ್ಬಂವರೆಗೆ ಸಿಗಬೇಕಾದ ನಲವತ್ತೆಂಟು ವರ್ಷ ಅವನಿಗೆ ಸಿಗಲಿಲ್ಲ, ಅಷ್ಟೇ.

ಇದನ್ನು ಇಷ್ಟು ಖಡಾಖಂಡಿತವಾಗಿ ಬರೆಯಲು ಕಾರಣವಿದೆ. ನೀನು ಕೆಲಸಕ್ಕೆ ಸೇರಿದಾಗ ನೆಂಟರ ಮುಂದೆ ನಾನು, ಅಜ್ಜಿಯ ಮನೆಯಲ್ಲಿ ಬೆಳೆದದ್ದರಿಂದಲೇ ಇವಳು ಗಟ್ಟಿಯಾದಳು ಎಂದೆ. ನೀನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಆ ಮಾತನ್ನು ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ, ಹೆಚ್ಚಾಗಿ ನನಗೆ ನಾನೇ. ಅದು ನಿಜವಲ್ಲ, ಪುಟ್ಟಿ. ಕೆಲಸ ಬಿಡುವ ಹಾಗಿರಲಿಲ್ಲ ಎಂಬುದು ನಿಜ. ಅಜ್ಜಿ ನನಗಿಂತ ಚೆನ್ನಾಗಿ ನೋಡಿಕೊಂಡರು ಎಂಬುದೂ ನಿಜ. ಆದರೂ ಆ ವರ್ಷಗಳಲ್ಲಿ ನಿನಗೆ ಏನಾಯಿತೆಂದು ನಾನು ಒಂದು ಸಲವೂ ಕೇಳಲಿಲ್ಲ. ಆ ಗಿಟಾರ್ ವಾದಕ ಪರಕೀಯನಾಗಿ ಕೇಳಿದ, ಹೆತ್ತ ನಾನು ಕೇಳಲಿಲ್ಲ.

ದಸರಾ ರಜೆಗೆ ಬರುತ್ತೀಯಲ್ಲ, ಆಗ ಹೇಳು. ಮನಸ್ಸಾದಷ್ಟು ಹೇಳು, ಸಿಟ್ಟಿನಿಂದ ಹೇಳಿದರೂ ಸರಿ. ನಾನು ನಡುವೆ ಬಾಯಿ ಹಾಕುವುದಿಲ್ಲ, ಸಮಜಾಯಿಷಿ ಕೊಡುವುದಿಲ್ಲ. ಟಿಕೆಟ್ ಆದ ಕೂಡಲೇ ದಿನ, ಹೊತ್ತು ತಿಳಿಸು. ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ.

ನಿನ್ನ
ಅಮ್ಮ