ಪಿಯುಸಿಯಲ್ಲಿ ದೈಹಿಕ ಶಿಕ್ಷಣವೂ ಒಂದು ವಿಷಯವಾಗಲಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಪಿಯುಸಿ ಸೇರುವ ಹೊತ್ತಿದು. ಗೋಣಿಕೊಪ್ಪದ ಬಸ್ ನಿಲ್ದಾಣದಲ್ಲಿ ನಿಂತರೆ ಪಿಸಿಎಂಬಿಯೋ, ಕಾಮರ್ಸೋ, ಆರ್ಟ್ಸೋ ಎಂಬ ಚರ್ಚೆಯೇ ಕಿವಿಗೆ ಬೀಳುತ್ತದೆ. ನಮ್ಮ ಪಿಯು ಮಂಡಳಿಯ ವಿಷಯಗಳಲ್ಲಿ ಗೃಹವಿಜ್ಞಾನ ಇದೆ, ಹಿಂದೂಸ್ತಾನಿ ಸಂಗೀತವೂ ಇದೆ. ಇರಲಿ, ಸಂತೋಷ. ಆದರೆ ಹಾಕಿ ಸ್ಟಿಕ್ ಹಿಡಿದೇ ಹುಟ್ಟುತ್ತಾರೆ ಎಂದು ಹೊರಗಿನವರು ತಮಾಷೆ ಮಾಡುವ ಕೊಡಗಿನಲ್ಲೂ ರಾಜ್ಯ ಪಠ್ಯಕ್ರಮದ ಮಕ್ಕಳು ದೈಹಿಕ ಶಿಕ್ಷಣವನ್ನು ಐಚ್ಛಿಕ ವಿಷಯವಾಗಿ ಓದುವಂತಿಲ್ಲ.

ಸಿಬಿಎಸ್‌ಇಯಲ್ಲಿ ಓದಬಹುದು. ನನ್ನ ಮಗಳು ಹನ್ನೆರಡನೇ ತರಗತಿಯಲ್ಲಿ ಅದನ್ನೇ ತೆಗೆದುಕೊಂಡಿದ್ದಾಳೆ. ಬರವಣಿಗೆಗೆ 70 ಅಂಕ, ಪ್ರಾಯೋಗಿಕಕ್ಕೆ 30. ನಾನೂ ಹುಡುಗಿಯಾಗಿದ್ದಾಗ ಹಾಕಿ ತಂಡದಲ್ಲಿ ಲೆಫ್ಟ್ ಹಾಫ್ ಸ್ಥಾನದಲ್ಲಿ ಆಡಿದವಳು. ಅವಳ ಪುಸ್ತಕ ತಿರುವಿ ಹಾಕುವಾಗ ಹೊಟ್ಟೆಕಿಚ್ಚೇ ಆಯಿತು. ಆಟಗಾರರ ಆಹಾರ, ವ್ಯಾಯಾಮದಿಂದ ಹೃದಯ ಶ್ವಾಸಕೋಶಗಳಲ್ಲಿ ಆಗುವ ಬದಲಾವಣೆ, ಆಟದಲ್ಲಿ ನ್ಯೂಟನ್ನನ ನಿಯಮ ಎಲ್ಲ ಅದರಲ್ಲಿವೆ. ನಾಕೌಟ್ ಪಂದ್ಯಾವಳಿಗೆ ಫಿಕ್ಸ್ಚರ್, ಅಂದರೆ ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ, ಹಾಕುವುದಕ್ಕೂ ಒಂದು ಪಾಠ. ತಂಡಗಳ ಸಂಖ್ಯೆಯನ್ನು ಎರಡರ ಮುಂದಿನ ಘಾತದಿಂದ (2, 4, 8, 16 ಹೀಗೆ ದ್ವಿಗುಣವಾಗುವ ಸಂಖ್ಯೆ) ಕಳೆದರೆ ಎಷ್ಟು ಬೈ, ಅಂದರೆ ಮೊದಲ ಸುತ್ತು ಆಡದೆಯೇ ಮುಂದೆ ಹೋಗುವ ಅವಕಾಶ, ಕೊಡಬೇಕೆಂದು ಸಿಗುತ್ತದಂತೆ. 1997ರಲ್ಲಿ ಕರಡದಲ್ಲಿ ಶುರುವಾದ ನಮ್ಮ ಕೊಡವ ಕೌಟುಂಬಿಕ ಹಾಕಿಗೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ಒಕ್ಕಗಳ (ಕೊಡವ ಮನೆತನಗಳ) ತಂಡಗಳು ಬಂದಿದ್ದವು, ಗಿನ್ನೆಸ್ ದಾಖಲೆಯೂ ಆಯಿತು. 512ರಲ್ಲಿ 360 ಕಳೆದರೆ 152 ಬೈ ಎಂದು ಮಗಳು ಊಟ ಮಾಡುತ್ತಲೇ ಹೇಳಿಬಿಟ್ಟಳು. ನನಗಂತೂ ಕಾಗದ ಪೆನ್ನು ಬೇಕಾಯಿತು.

ಅಕ್ಕನ ಮಗನದು ಬೇರೆ ಕತೆ. ಅವನು ರಾಜ್ಯ ಪಠ್ಯಕ್ರಮದಲ್ಲಿ ಪಿಯುಸಿ ಓದುತ್ತಾನೆ, ಒಳ್ಳೆಯ ಗೋಲ್‌ಕೀಪರ್. ಹೋದ ವರ್ಷ ಪಂದ್ಯದಲ್ಲಿ ಪಾದ ಉಳುಕಿತು. ಜೊತೆಗಿದ್ದವರು ಅಲ್ಲೇ ಎಣ್ಣೆ ಹಾಕಿ ಬಲವಾಗಿ ತಿಕ್ಕಿದರು, ಮನೆಗೆ ಬಂದ ಮೇಲೆ ಬಿಸಿ ಶಾಖ ಕೊಟ್ಟರು. ಸಂಜೆಯ ಹೊತ್ತಿಗೆ ಶೂ ಹಾಕಲಾರದಷ್ಟು ಊದಿಕೊಂಡಿತ್ತು. ಉಳುಕಿದ ಕೂಡಲೇ ಕಾಲಿಗೆ ವಿಶ್ರಾಂತಿ ಕೊಟ್ಟು, ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ಬ್ಯಾಂಡೇಜ್ ಕಟ್ಟಿ, ಕಾಲು ಎತ್ತರಿಸಿ ಮಲಗಬೇಕು. ಮೊದಲೆರಡು ದಿನ ತಿಕ್ಕುವುದೂ ಬೇಡ, ಶಾಖವೂ ಬೇಡ. ಇದು ಮೈದಾನಕ್ಕಿಳಿಯುವ ಪ್ರತಿ ಮಗುವಿಗೂ ಗೊತ್ತಿರಬೇಕಾದ ಮಾತು.

ಸಭೆಗಳಲ್ಲಿ ಮಾತಾಡುವವರು ನಮ್ಮ ಕೊಡಗಿನ ಒಲಿಂಪಿಕ್ ಹಾಕಿ ಆಟಗಾರರಾದ 1972ರ ಮ್ಯೂನಿಕ್ ಕಂಚಿನ ಎಂ.ಪಿ. ಗಣೇಶ್, 1980ರ ಮಾಸ್ಕೋ ಚಿನ್ನದ ಎಂ.ಎಂ. ಸೋಮಯ್ಯ ಎಂದು ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಭಾರತ ತಂಡದವರೆಗೆ ಹೋಗುವವರು ಎಷ್ಟು ಮಂದಿ? ಉಳಿದವರಲ್ಲಿ ಕೋಚ್, ಅಂಪೈರ್, ಫಿಸಿಯೋಥೆರಪಿಸ್ಟ್, ಪಿ.ಟಿ. ಮೇಷ್ಟ್ರು ಆಗಬಲ್ಲವರಿದ್ದಾರೆ. ಅವರಿಗೆ ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಶಿಕ್ಷಕರ ಪದವಿ) ಬಾಗಿಲು ತೆರೆಯುವುದು ಡಿಗ್ರಿ ಮುಗಿದ ಮೇಲೆ. ಅಲ್ಲಿಯವರೆಗೆ ಆಟದ ಬಗ್ಗೆ ಒಂದಕ್ಷರ ಓದಿರುವುದಿಲ್ಲ.

ಮಳೆಗಾಲದಲ್ಲಿ ಮೈದಾನವೇ ಇರುವುದಿಲ್ಲವಲ್ಲ ಎನ್ನುವವರಿದ್ದಾರೆ. ನಿಜ, ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಕೆಸರುಗದ್ದೆ ಓಟವೊಂದೇ ಸಾಧ್ಯ! ಆ ತಿಂಗಳುಗಳಲ್ಲೇ ಪುಸ್ತಕದ ಪಾಠ ಮುಗಿಸಿ, ಮಳೆ ಬಿಟ್ಟ ಮೇಲೆ ಪ್ರಾಯೋಗಿಕ ಇಟ್ಟುಕೊಳ್ಳಬಹುದು.

ಸುಲಭವಾಗಿ ಅಂಕ ಸಿಗುವ ವಿಷಯವಾಗಿಬಿಡುತ್ತದೆ ಎಂಬ ಆಕ್ಷೇಪವನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಓಡಲಾರದ ಹುಡುಗನಿಗೂ 30ಕ್ಕೆ 30 ಕೊಟ್ಟರೆ ಆ ವಿಷಯಕ್ಕೆ ಮರ್ಯಾದೆ ಎಲ್ಲಿಂದ ಬರಬೇಕು? ಹಾಗಾಗಿ ಶಿಕ್ಷಣ ಇಲಾಖೆ ಮೊದಲು ನಮ್ಮ ಜಿಲ್ಲೆಯ ತಾಲ್ಲೂಕಿಗೊಂದು ಸರಕಾರಿ ಪಿಯು ಕಾಲೇಜಿನಲ್ಲಿ ಇದನ್ನು ಆರಂಭಿಸಲಿ, ಬಿ.ಪಿ.ಎಡ್., ಎಂ.ಪಿ.ಎಡ್. ಮಾಡಿದವರನ್ನೇ ಪಾಠಕ್ಕೆ ನೇಮಿಸಲಿ, ಪ್ರಾಯೋಗಿಕ ಪರೀಕ್ಷೆಗೆ ಬೇರೆ ಕಾಲೇಜಿನ ಪರೀಕ್ಷಕರನ್ನು ಕಳಿಸಲಿ.

– ಹಾಕಿ ಆಟಗಾರ್ತಿಯಾಗಿದ್ದ ಒಬ್ಬ ತಾಯಿ, ಗೋಣಿಕೊಪ್ಪ