ಈಜಲು ಹೋಗುವ ಮಕ್ಕಳ ಹಲ್ಲಿನ ಬಗ್ಗೆ

ಪೋಷಕರಿಗೆ ನಮಸ್ಕಾರ,

ಕಳೆದ ವಾರ ಊಟದ ಹೊತ್ತಿನಲ್ಲಿ ಏಳನೇ ತರಗತಿಯ ಹುಡುಗನೊಬ್ಬ ಬಾಟಲಿ ನೀರು ಕುಡಿದವನೇ ಕೆನ್ನೆ ಹಿಡಿದುಕೊಂಡ. "ಹಲ್ಲು ಜುಮ್ ಅಂತು ಮಿಸ್" ಎಂದ. ಬಾಯಿ ತೆರೆಸಿ ನೋಡಿದರೆ ಮುಂದಿನ ಹಲ್ಲುಗಳ ಮೇಲೆ ಕಂದು ಕಲೆ. "ದಿನಾ ಎರಡು ಸಲ ಉಜ್ಜುತ್ತೀನಿ ಮಿಸ್" ಎನ್ನುವಾಗ ಅವನ ಕಣ್ಣು ತುಂಬಿತ್ತು. ಸುಳ್ಳು ಹೇಳುವ ಹುಡುಗ ಅಲ್ಲ. ಬೇಸಿಗೆ ರಜೆಯಿಂದ ವಾರಕ್ಕೆ ಆರು ದಿನ, ಬೆಳಿಗ್ಗೆ ಒಂದೂವರೆ ಗಂಟೆ ಈಜುತ್ತಿದ್ದಾನೆ.

ವಾರಕ್ಕೆ 6 ಗಂಟೆಗಿಂತ ಜಾಸ್ತಿ ಈಜುವವರಿಗೆ ಇಂಥ ಕಲೆ ಬರುವುದುಂಟು. ಈಜುಕೊಳದ ರಾಸಾಯನಿಕಗಳು ಜೊಲ್ಲಿನ ಪ್ರೋಟೀನನ್ನು ಒಡೆದು, ಅದು ಹಲ್ಲಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ಬ್ರಷ್‌ಗೆ ಹೋಗುವುದಿಲ್ಲ. ದಂತ ವೈದ್ಯರು ಕ್ಲೀನ್ ಮಾಡಿದರೆ ಹೋಗುತ್ತದೆ. ದಯವಿಟ್ಟು ಮಗುವನ್ನು ಬೈಯಬೇಡಿ.

ನನಗೆ ನಿಜವಾಗಿ ಭಯ ಇರುವುದು ಹುಳಿಯಾದ ನೀರಿನದು. ನೀರು ಎಷ್ಟು ಹುಳಿ ಎಂದು ತೋರಿಸುವ ಅಳತೆ ಪಿಎಚ್; ಅದು ಇಳಿದಷ್ಟೂ ಹುಳಿ ಜಾಸ್ತಿ. ಕೊಳದ ನೀರಿನ ಪಿಎಚ್ 7.2ರಿಂದ 7.8ರೊಳಗೆ ಇರಬೇಕು. ಕ್ಲೋರಿನ್ ಅನಿಲ ಅಥವಾ ಕೆಲವು ಬಗೆಯ ಕ್ಲೋರಿನ್ ಮಾತ್ರೆ ಹಾಕಿ, ಪಿಎಚ್ ಸರಿಮಾಡದೆ ಬಿಟ್ಟರೆ ಅದು ಇಳಿಯುತ್ತಾ ಹೋಗುತ್ತದೆ. ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ಕರಗಲು ಶುರು. 1980ರ ದಶಕದ ಮೊದಲಲ್ಲಿ ಅಮೆರಿಕದ ವರ್ಜೀನಿಯಾದ ಒಂದು ಕೊಳದಲ್ಲಿ ಪಿಎಚ್ 2.7 ಇತ್ತು. ಹೆಚ್ಚುಕಮ್ಮಿ ನಿಂಬೆರಸದ ಹುಳಿ! ಅಲ್ಲಿ ದಿನಾ ಅಭ್ಯಾಸ ಮಾಡುತ್ತಿದ್ದ ಈಜುಗಾರರ ಎನಾಮಲ್ ಸವೆದುಹೋಯಿತು. ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ಹಾಗಂತ ಈಜು ಬಿಡಿಸಬೇಡಿ. ಕೆರೆ, ನಾಲೆ, ಹೇಮಾವತಿ ಹಿನ್ನೀರು ಇರುವ ನಮ್ಮ ಹಾಸನದ ಮಕ್ಕಳಿಗೆ ಈಜು ಬರಲೇಬೇಕು.

ಕೊಳದವರನ್ನು ಕೇಳಿ: "ಇವತ್ತು ಪಿಎಚ್ ಎಷ್ಟಿದೆ?" ಪರೀಕ್ಷೆಗೆ ಎರಡು ನಿಮಿಷ ಸಾಕು. ಪಿಎಚ್‌ಗೆ ತಕ್ಕಂತೆ ಬಣ್ಣ ಬದಲಿಸುವ ಫೀನಾಲ್ ರೆಡ್ ಎಂಬ ದ್ರವದ ಹನಿಯನ್ನು ಕೊಳದ ನೀರಿನ ಮಾದರಿಗೆ ಹಾಕಿದಾಗ ನೀರು ಹಳದಿಯಾದರೆ ಹುಳಿ ಜಾಸ್ತಿ ಎಂದರ್ಥ. ಈಜುಡುಗೆ ಬೇಗ ಬಣ್ಣ ಬಿಡುತ್ತಿದ್ದರೆ, ಕಬ್ಬಿಣದ ಏಣಿ ತುಕ್ಕು ತಿಂದಿದ್ದರೆ ಅವತ್ತೇ ಕೇಳಿ.

ಈಜಿ ಬಂದ ತಕ್ಷಣ ಮಗು ಸಾದಾ ನೀರಿನಲ್ಲಿ ಚೆನ್ನಾಗಿ ಬಾಯಿ ಮುಕ್ಕಳಿಸಲಿ. ಆಗಲೇ ಬ್ರಷ್ ಬೇಡ, ಮೆತ್ತಗಾದ ಎನಾಮಲ್ ಇನ್ನಷ್ಟು ಸವೆಯುತ್ತದೆ. ಒಂದು ಗಂಟೆ ಬಿಡಿ, ಅಷ್ಟರಲ್ಲಿ ಜೊಲ್ಲು ಬಾಯಿಯ ಹುಳಿ ತಗ್ಗಿಸುತ್ತದೆ. ಆಮೇಲೆ ಫ್ಲೋರೈಡ್ ಇರುವ ಪೇಸ್ಟ್‌ನಲ್ಲಿ ಉಜ್ಜಲಿ. ಕೊಳದ ಗೇಟಿನಲ್ಲಿ ಸಿಗುವ ಉಪ್ಪು-ಖಾರದ ಮಾವಿನಕಾಯಿ, ನಿಂಬೆ ಶರಬತ್ತು ಆ ಹೊತ್ತಿಗೆ ಬೇಡವೇ ಬೇಡ. ಹಲ್ಲು ಜುಮ್ ಎನ್ನುತ್ತಿದ್ದರೆ, ಮುಂದಿನ ಹಲ್ಲಿನ ಅಂಚು ಗಾಜಿನ ಹಾಗೆ ಕಾಣುತ್ತಿದ್ದರೆ ಸುಮ್ನೆ ಕಾಯಬೇಡಿ, ದಂತ ವೈದ್ಯರಿಗೆ ತೋರಿಸಿ. ಈಜಲು ಹೋಗುವ ವಿಷಯವನ್ನೂ ಅವರಿಗೆ ಹೇಳಿ.

ಕೊಳದವರನ್ನು ಕೇಳಲು ಮುಜುಗರ ಅನಿಸಿದರೆ ನನಗೆ ತಿಳಿಸಿ. ನಾನೇ ನಿಮ್ಮ ಜೊತೆ ಬರುತ್ತೇನೆ.

ನಿಮ್ಮ,
ಮುಖ್ಯ ಶಿಕ್ಷಕಿ
ಹಾಸನ